ನೂರರಲ್ಲಿ ಇಬ್ಬರು

ಕಳೆದ ವರ್ಷ ಅಮ್ಮನ ಹೃದಯದ ಕವಾಟ ಬದಲಿಸಬೇಕಾಗಿ ಬಂತು. ಆಪರೇಷನ್ನಿನ ಹಿಂದಿನ ಸಂಜೆ ಡಾಕ್ಟರು ಒಪ್ಪಿಗೆ ಪತ್ರ ಮುಂದಿಟ್ಟು, "ನೂರರಲ್ಲಿ ಇಬ್ಬರ ಜೀವಕ್ಕೆ ಅಪಾಯ ಆಗಬಹುದು. ಆದರೆ ಹೀಗೇ ಬಿಟ್ಟರೆ ಅದಕ್ಕಿಂತ ಹೆಚ್ಚಿನ ಅಪಾಯ" ಎಂದರು. ನಾನು ಸಂಶೋಧನೆಗಾಗಿ ಮೂರು ವರ್ಷಗಳಿಂದ ಓದುತ್ತಿರುವುದೇ ಹದಿನೆಂಟನೇ ಶತಮಾನದ ಸಿಡುಬಿನ ಲೆಕ್ಕಗಳನ್ನು. ಇಂಥ ಮಾತು ನನಗೆ ಹೊಸದಲ್ಲ. ಆದರೂ ಸಹಿ ಹಾಕಲು ಕೈ ಬರಲಿಲ್ಲ.

ನಾನು ಓದುತ್ತಿದ್ದ ಲೆಕ್ಕಗಳಲ್ಲಿ ಮೊದಲನೆಯದು 1721ರ ಬಾಸ್ಟನ್ ನಗರದ್ದು. ಆಗ ದಾಕು ಹಾಕುವ ಪದ್ಧತಿ ಇನ್ನೂ ಬಂದಿರಲಿಲ್ಲ. ಇದ್ದದ್ದು ಸಿಡುಬಿನ ಗುಳ್ಳೆಯ ಕೀವನ್ನು ತೆಗೆದು, ಆರೋಗ್ಯವಾಗಿರುವವರ ಚರ್ಮ ಕೊರೆದು ಹಚ್ಚುವ ವಿಧಾನ. ಹಾಗೆ ಮಾಡಿದರೆ ರೋಗ ಬರುತ್ತಿತ್ತು, ಆದರೆ ಸಾಮಾನ್ಯವಾಗಿ ಸೌಮ್ಯವಾಗಿ ಬಂದು ಹೋಗುತ್ತಿತ್ತು. ಕಾಟನ್ ಮ್ಯಾಥರ್ ಎಂಬ ಪಾದ್ರಿಗೆ ಇದನ್ನು ತಿಳಿಸಿದವನು ಅವನ ಮನೆಯಲ್ಲಿ ಗುಲಾಮನಾಗಿದ್ದ ಆಫ್ರಿಕಾದ ಒನೆಸಿಮಸ್. ಮ್ಯಾಥರ್ ಊರಿನ ವೈದ್ಯರನ್ನೆಲ್ಲ ಕೇಳಿಕೊಂಡ. ಒಪ್ಪಿದವನು ಜಬ್ದಿಯಲ್ ಬಾಯ್ಲ್‌ಸ್ಟನ್ ಒಬ್ಬನೇ. ಅವನು ಮೊದಲು ಕೀವು ಹಾಕಿದ್ದು ತನ್ನದೇ ಆರು ವರ್ಷದ ಮಗನಿಗೆ.

ಊರು ಸಿಟ್ಟಾಯಿತು. ಮ್ಯಾಥರನ ಮನೆಯೊಳಗೆ ಕೈಬಾಂಬು ಎಸೆದರು. ಜನರ ಸಿಟ್ಟನ್ನು ಮೂಢತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಕೀವು ಹಾಕಿಸಿಕೊಂಡವರಿಂದ ಪಕ್ಕದ ಮನೆಯವರಿಗೂ ಸಿಡುಬು ಹರಡಬಹುದಿತ್ತು. ಅದೂ ಅಲ್ಲದೆ, ಆಡಿಕೊಂಡಿದ್ದ ಮಗುವಿಗೆ ಕೈಯಾರೆ ರೋಗ ತರಿಸುವುದು ಹೇಗೆ ಎಂಬ ಪ್ರಶ್ನೆ ಇತ್ತು. ರೋಗ ಇಳಿದ ಮೇಲೆ ನೋಡಿದರೆ, ತಾನಾಗಿ ಸಿಡುಬು ಬಂದ ಸುಮಾರು 6,000 ಜನರಲ್ಲಿ 844 ಮಂದಿ ಸತ್ತಿದ್ದರು, ಅಂದರೆ ನೂರಕ್ಕೆ 14. ಬಾಯ್ಲ್‌ಸ್ಟನ್ ಕೀವು ಹಾಕಿದ 240ಕ್ಕೂ ಹೆಚ್ಚು ಜನರಲ್ಲಿ ಸತ್ತವರು 6 ಮಂದಿ, ನೂರಕ್ಕೆ ಸುಮಾರು ಎರಡೂವರೆ.

ಈ ಬಗೆಯ ಅಂಕಿಗಳನ್ನು ಗಣಿತಕ್ಕೆ ಒಗ್ಗಿಸಿದವನು ಡೇನಿಯಲ್ ಬರ್ನೂಲಿ. ವೈದ್ಯಶಾಸ್ತ್ರವನ್ನೂ ಓದಿದ್ದ ಈ ಗಣಿತಜ್ಞ 1760ರಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಮುಂದೆ ತನ್ನ ಲೆಕ್ಕವನ್ನಿಟ್ಟ. ಸಿಡುಬು ಇಲ್ಲವಾದರೆ ಸರಾಸರಿ ಆಯಸ್ಸು 26 ವರ್ಷ 7 ತಿಂಗಳಿಂದ 29 ವರ್ಷ 9 ತಿಂಗಳಿಗೆ ಏರುತ್ತದೆ. ಕೀವು ಹಾಕಿಸಿಕೊಂಡ 200 ಜನರಲ್ಲಿ ಒಬ್ಬರು ಸತ್ತರೂ ಈ ಲಾಭದಲ್ಲಿ ಕಡಿಮೆಯಾಗುವುದು ಎರಡು ತಿಂಗಳೂ ಅಲ್ಲ. ಹಾಗಿದ್ದಮೇಲೆ ಅನುಮಾನವೇಕೆ?

ಅದೇ ವರ್ಷ, ಅದೇ ಅಕಾಡೆಮಿಯಲ್ಲಿ ಡಾಲಂಬೇರ್ ಎದ್ದುನಿಂತ. ಅವನು ಕೀವು ಹಾಕಿಸುವುದರ ವಿರೋಧಿಯಲ್ಲ. ಅವನ ತಕರಾರು ಲೆಕ್ಕದ ರೀತಿಯ ಬಗ್ಗೆ. ಲಾಭವೆಂದು ತೋರಿಸುವ ಮೂರು ವರ್ಷಗಳು ಸಿಗುವುದು ಬದುಕಿನ ಕೊನೆಯಲ್ಲಿ. ಸಾವಿನ ಭಯ ಇರುವುದು ಇದೇ ತಿಂಗಳಲ್ಲಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಬರುತ್ತದೆಯೇ? ರಾಜ್ಯಕ್ಕೆ ಸರಾಸರಿ ಸಾಕು, ಅದು ಸಾವಿರಾರು ಪ್ರಜೆಗಳನ್ನು ಒಟ್ಟಿಗೆ ಎಣಿಸುತ್ತದೆ. ಒಂದೇ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಸರಾಸರಿ ಎಂಬುದಿಲ್ಲ. ಮಗು ಉಳಿಯುತ್ತದೆ, ಇಲ್ಲವೇ ಉಳಿಯುವುದಿಲ್ಲ.

ಇದನ್ನು ಮೊದಲು ಓದಿದಾಗ ಗೆದ್ದವನು ಬರ್ನೂಲಿ ಎಂದು ಟಿಪ್ಪಣಿ ಬರೆದುಕೊಂಡಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನೆನಪಾದವನು ಮಾತ್ರ ಡಾಲಂಬೇರ್. ನೂರು ಅಮ್ಮಂದಿರು ನನಗೆಲ್ಲಿದ್ದಾರೆ? ಸಹಿ ಹಾಕದೆ ಇನ್ನೊಂದಿಷ್ಟು ದಿನ ತಳ್ಳಿದರೆ, ಏನೇ ಆದರೂ ಅದು ನಾನು ಮಾಡಿದ್ದಂತೂ ಆಗುವುದಿಲ್ಲ ಅನ್ನಿಸಿತು.

ಈ ಯೋಚನೆಗೆ ಉತ್ತರ ಕೊಟ್ಟದ್ದು ಗಣಿತವಲ್ಲ, ಒಬ್ಬ ತಂದೆಯ ದುಃಖ. 1721ರಲ್ಲಿ ಕೀವು ಹಾಕುವುದನ್ನು ಹೀಯಾಳಿಸಿದ ಬಾಸ್ಟನ್ನಿನ ಪತ್ರಿಕೆಯಲ್ಲಿ ಅಣ್ಣನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗ ಬೆಂಜಮಿನ್ ಫ್ರಾಂಕ್ಲಿನ್. ಮುಂದೆ ಅವನು ಈ ಪದ್ಧತಿಯನ್ನು ನಂಬಿದ. ಆದರೆ 1736ರಲ್ಲಿ, ಕೀವು ಹಾಕಿಸದೇ ಇದ್ದ ಅವನ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿನಿಂದ ಸತ್ತ. ಕೀವು ಹಾಕಿಸಿದ್ದರಿಂದಲೇ ಮಗು ಸತ್ತಿತೆಂದು ಊರಲ್ಲಿ ಸುದ್ದಿ ಹಬ್ಬಿತು. ಹಾಗಲ್ಲವೆಂದು ಆ ತಂದೆಯೇ ಪತ್ರಿಕೆಯಲ್ಲಿ ಬರೆಯಬೇಕಾಯಿತು. ಹಲವು ದಶಕಗಳ ನಂತರ ಆತ್ಮಕಥೆಯಲ್ಲೂ ಅವನು ಆ ಕೊರಗನ್ನು ಬಿಡಲಿಲ್ಲ. ಮಾಡಿ ಕಳೆದುಕೊಂಡರೂ, ಮಾಡದೆ ಕಳೆದುಕೊಂಡರೂ ಪಶ್ಚಾತ್ತಾಪ ಒಂದೇ. ಹಾಗಾಗಿ ಅಪಾಯ ಕಡಿಮೆ ಇರುವ ದಾರಿಯನ್ನೇ ಹಿಡಿಯಿರಿ ಎಂಬುದು ಹೆತ್ತವರಿಗೆ ಅವನು ಹೇಳಿದ ಮಾತಿನ ತಾತ್ಪರ್ಯ.

ಲೆಕ್ಕ ಭಯವನ್ನು ಕಳೆಯುವುದಿಲ್ಲ. ಸುಮ್ಮನಿರುವುದಕ್ಕೂ ಬೆಲೆ ಇದೆ ಎಂದು ತೋರಿಸುತ್ತದೆ, ಅಷ್ಟೆ. ಕೈಕಟ್ಟಿ ಕುಳಿತವರೂ ಒಂದು ನಿರ್ಧಾರ ಮಾಡಿಯೇ ಕುಳಿತಿರುತ್ತಾರೆ.

"ಇಷ್ಟ್ ಹೊತ್ತು ಏನ್ ಓದ್ತಿದೀಯ? ಹಾಕು" ಎಂದಳು ಅಮ್ಮ. ಹಾಕಿದೆ. ಅಮ್ಮ ಈಗ ಚೆನ್ನಾಗಿದ್ದಾಳೆ. ಅದರಿಂದ ನನ್ನ ನಿರ್ಧಾರ ಸರಿಯಾಗಿತ್ತೆಂದು ಸಾಬೀತಾಗುವುದಿಲ್ಲ. ಆ ಇಬ್ಬರಲ್ಲಿ ಒಬ್ಬಳಾಗಿದ್ದರೆ ತಪ್ಪಾಗಿತ್ತೆಂದೂ ಆಗುತ್ತಿರಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯ ಸಡಿಲ ಅಂಗಿಯಲ್ಲಿ ಅಮ್ಮನ ಎಡತೋಳಿನ ದಾಕಿನ ಕಲೆ ಕಂಡಿತ್ತು. ಜೆನ್ನರ್ 1798ರಲ್ಲಿ ಪ್ರಕಟಿಸಿದ ಗೋಸಿಡುಬಿನ ವಿಧಾನ ಕೀವು ಹಾಕುವುದಕ್ಕಿಂತ ಎಷ್ಟೋ ಸುರಕ್ಷಿತವಾಗಿತ್ತು. ಅದರಿಂದ ಬೆಳೆದು ಬಂದ ದಾಕಿನಿಂದಲೇ 1980ರ ಹೊತ್ತಿಗೆ ಸಿಡುಬು ಭೂಮಿಯಿಂದ ಅಳಿಯಿತು. ಆದರೂ ಜ್ವರ, ಕೀವು, ಅಪರೂಪಕ್ಕೆ ಸಾವು ದಾಕಿನಲ್ಲೂ ಇದ್ದವು. ಅಮ್ಮ ಮಗುವಾಗಿದ್ದಾಗ ಅಜ್ಜಿ ಅಳುವ ಆ ತೋಳನ್ನು ಹಿಡಿದುಕೊಂಡು ಕೂತಿರಬೇಕು. ಅವಳಿಗೆ ಯಾರೂ ಅಂಕಿ ಹೇಳಿರಲಿಕ್ಕಿಲ್ಲ.