‘ಗ್ಯಾಸ್ ಹೋಗಿದೆ’ ಎನ್ನುವ ಮುನ್ನ

ಹಾಲು ಬೆಳಗಾಗುವಷ್ಟರಲ್ಲಿ ಒಡೆದಿದೆ. ದೋಸೆ ಹಿಟ್ಟು ಫ್ರಿಜ್ಜಿನೊಳಗೇ ಹುಳಿ ಬಂದು ಡಬ್ಬಿಯ ಮುಚ್ಚಳ ಎತ್ತಿದೆ. ಮನೆಗೆ ಬಂದ ಮೆಕ್ಯಾನಿಕ್ ಹಿಂಬದಿಗೆ ಕೈಯಿಟ್ಟು ನೋಡಿ ಹೇಳುವ ಮೊದಲ ಮಾತು ಎಷ್ಟೋ ಸಲ ಒಂದೇ: ‘ಗ್ಯಾಸ್ ಹೋಗಿದೆ, ತುಂಬಿಸಬೇಕು.’ ಸ್ಕೂಟರಿನ ಪೆಟ್ರೋಲಿನ ಹಾಗೆ ಫ್ರಿಜ್ಜಿನ ಗ್ಯಾಸೂ ಓಡಿದಷ್ಟು ಖರ್ಚಾಗುತ್ತದೆ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ. ಆದರೆ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಎಲ್ಲೋ ಸೋರದ ಹೊರತು ಅದು ಕಡಿಮೆಯಾಗುವುದಿಲ್ಲ.

ಗ್ಯಾಸು ಆಗಾಗ ತುಂಬಿಸಲೇಬೇಕಾಗಿದ್ದ ಕಾಲವೂ ಒಂದಿತ್ತು.

ಆವಿಯನ್ನು ಒತ್ತಿ ದ್ರವ ಮಾಡಿ, ಆ ದ್ರವ ಮತ್ತೆ ಆವಿಯಾಗುವಾಗ ಸುತ್ತಲಿನ ಶಾಖ ಹೀರುವಂತೆ ಮಾಡುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1834ರಲ್ಲಿ. ಅದು ಮನೆಯ ಅಡುಗೆಮನೆಗೆ ಬರಲು ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಹಿಡಿಯಿತು. 1910ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ಬಂದ ಮೊದಮೊದಲ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ಮೋಟಾರು ಬೇರೆ, ಕಂಪ್ರೆಸರ್ ಬೇರೆ, ನಡುವೆ ಬೆಲ್ಟು. ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಅಡುಗೆಮನೆಯಲ್ಲಿದ್ದರೆ ಯಂತ್ರ ನೆಲಮಾಳಿಗೆಯಲ್ಲಿ. ಕಂಪ್ರೆಸರಿನ ತಿರುಗುವ ದಂಡ ಹೊರಗೆ ಚಾಚಿಕೊಂಡಿರುತ್ತಿತ್ತು. ಆ ದಂಡದ ಸುತ್ತಲಿನ ಸೀಲು ಸವೆದಂತೆ ಗ್ಯಾಸು ತುಸುತುಸುವೇ ಹೊರಬೀಳುತ್ತಿತ್ತು. ಮರುತುಂಬಿಸುವುದು ಆಗ ವಾಡಿಕೆಯ ಕೆಲಸ.

ಹೊರಬೀಳುತ್ತಿದ್ದುದಾದರೂ ಎಂಥ ಗ್ಯಾಸು? ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್, ಅಮೋನಿಯ, ಎಲ್ಲವೂ ವಿಷ. ಸಲ್ಫರ್ ಡೈಆಕ್ಸೈಡಿನ ಘಾಟಿಗೆ ಕಣ್ಣು ಮೂಗು ಉರಿದು ಜನ ಎದ್ದು ಹೊರಗೋಡುತ್ತಿದ್ದರು. ಮೀಥೈಲ್ ಕ್ಲೋರೈಡಿಗೆ ಅಂಥ ಘಾಟಿಲ್ಲ. ಮಲಗಿದವರಿಗೆ ತಿಳಿಯುವ ಮೊದಲೇ ಅದು ಕೊಲ್ಲಬಲ್ಲದು. ಬರ್ಲಿನ್ನಿನಲ್ಲಿ ಫ್ರಿಜ್ಜಿನ ಗ್ಯಾಸು ಸೋರಿ ಒಂದು ಕುಟುಂಬವೇ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಆಲ್ಬರ್ಟ್ ಐನ್‌ಸ್ಟೈನ್ ಕಳವಳಗೊಂಡರೆಂದು ಹೇಳುತ್ತಾರೆ. ಅವರೂ ತರುಣ ವಿಜ್ಞಾನಿ ಲಿಯೊ ಸ್ಜಿಲಾರ್ಡರೂ ಸೇರಿ ತಿರುಗುವ ಭಾಗಗಳೇ ಇಲ್ಲದ, ಆದ್ದರಿಂದ ಸವೆಯುವ ಸೀಲೂ ಬೇಕಿಲ್ಲದ ಫ್ರಿಜ್ಜುಗಳನ್ನು ರೂಪಿಸಿದರು. 1930ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಯಾವುದೂ ಮಾರುಕಟ್ಟೆಗೆ ಬರಲಿಲ್ಲ.

ಸೋರುವ ಸೀಲಿನ ಕಾಟ ತಪ್ಪಿಸಿದ್ದು ಬೇರೆಯದೇ ದಾರಿ. 1927ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ‘ಮಾನಿಟರ್ ಟಾಪ್’ ಎಂಬ ಫ್ರಿಜ್ಜನ್ನು ಮಾರಾಟಕ್ಕೆ ತಂದಿತು. ಪೆಟ್ಟಿಗೆಯ ತಲೆಯ ಮೇಲೆ ದುಂಡನೆಯ ಯಂತ್ರ. ಅದರ ಉಕ್ಕಿನ ಚಿಪ್ಪಿನೊಳಗೆ ಮೋಟಾರು, ಕಂಪ್ರೆಸರ್ ಎರಡೂ. ಹೊರಗೆ ಚಾಚುವ ದಂಡವಿಲ್ಲ, ಬೆಲ್ಟಿಲ್ಲ. ಹೊರಬರುವುದು ವಿದ್ಯುತ್ ತಂತಿ ಮತ್ತು ಕೊಳವೆ ಮಾತ್ರ. ಇಂಥ ಫ್ರಿಜ್ಜುಗಳು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಇಂದು ನಮ್ಮ ಫ್ರಿಜ್ಜಿನ ಹಿಂದೆ ಕೆಳಗಡೆ ಕೂತಿರುವ ಕಪ್ಪು ಬುರುಡೆ ಅದೇ ಜಾತಿಯದು. ಹೀಗಾಗಿ ಇವತ್ತಿನ ಫ್ರಿಜ್ಜಿನಲ್ಲಿ ಗ್ಯಾಸು ಹೋಗಿದೆಯೆಂದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ. ಆ ತೂತು ಹುಡುಕದೆ ಬರೀ ಗ್ಯಾಸು ತುಂಬುವುದನ್ನು ರಿಪೇರಿ ಎಂದು ಕರೆಯಲಾಗದು.

ಗ್ಯಾಸಿನ ವಿಷ ಹೋದದ್ದು 1928ರಲ್ಲಿ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಕಂಡುಹಿಡಿದ ಫ್ರಿಯಾನಿನಿಂದ. 1930ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಮಿಜ್ಲಿ ಆ ಗ್ಯಾಸನ್ನು ಸ್ವತಃ ಉಸಿರಾಡಿ, ಅದನ್ನೇ ಊದಿ ಮೋಂಬತ್ತಿ ಆರಿಸಿ ತೋರಿಸಿದರು: ವಿಷವೂ ಅಲ್ಲ, ಹೊತ್ತಿಕೊಳ್ಳುವುದೂ ಇಲ್ಲ. ಮುಂದೆ ಜಗತ್ತಿನ ಎಷ್ಟೋ ವರ್ಕ್‌ಶಾಪುಗಳಲ್ಲಿ ಹಳೆಯ ಗ್ಯಾಸನ್ನು ಗಾಳಿಗೆ ಬಿಟ್ಟು ಹೊಸದು ತುಂಬಿಸುವುದು ರೂಢಿಯಾಯಿತು. ಮನೆಯವರಿಗೆ ಹಾನಿ ಮಾಡದ ಈ ಗ್ಯಾಸು ಆಕಾಶದ ಓಝೋನ್ ಪದರವನ್ನು ತಿನ್ನಬಲ್ಲದೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. ಇಂಥ ಗ್ಯಾಸುಗಳನ್ನು ಕೈಬಿಡುವ ಮಾಂಟ್ರಿಯಲ್ ಒಪ್ಪಂದ 1987ರಲ್ಲಿ ಆಯಿತು, 1992ರಲ್ಲಿ ಭಾರತ ಅದಕ್ಕೆ ಸೇರಿತು. ಈಗ ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೊಬ್ಯುಟೇನ್. ಓಝೋನಿಗೆ ತೊಂದರೆಯಿಲ್ಲ, ಆದರೆ ಅಡುಗೆ ಗ್ಯಾಸಿನ ಹಾಗೆ ಹೊತ್ತಿಕೊಳ್ಳುತ್ತದೆ. ಅದನ್ನು ತೆಗೆಯದೆ ಕೊಳವೆಗೆ ಬೆಂಕಿ ಹಿಡಿಯುವ ಮೆಕ್ಯಾನಿಕ್ ತನ್ನ ಜೀವವನ್ನೂ ಮನೆಯವರ ಜೀವವನ್ನೂ ಪಣಕ್ಕಿಡುತ್ತಾನೆ. ಯಾವ ಗ್ಯಾಸು, ಎಷ್ಟು ಗ್ರಾಂ ಎಂಬುದು ಫ್ರಿಜ್ಜಿಗೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ.

ತಂಪು ಕಡಿಮೆಯಾಗಲು ಗ್ಯಾಸೇ ಕಾರಣವಾಗಬೇಕಿಲ್ಲ, ಬಾಗಿಲಿನ ರಬ್ಬರೂ ಆಗಬಹುದು. ಆ ರಬ್ಬರಿಗೂ ಒಂದು ಕಥೆಯಿದೆ, ದುಃಖದ ಕಥೆ. ಹಳೆಯ ಫ್ರಿಜ್ಜುಗಳ ಬಾಗಿಲು ಚಿಲಕದಿಂದ ಬಿಗಿಯುತ್ತಿತ್ತು, ಒಳಗಿನಿಂದ ತೆಗೆಯುವಂತಿರಲಿಲ್ಲ. ಎಸೆದ ಫ್ರಿಜ್ಜುಗಳಲ್ಲಿ ಆಡುತ್ತಾ ಹೊಕ್ಕ ಮಕ್ಕಳು ಉಸಿರುಗಟ್ಟಿ ಸತ್ತ ಪ್ರಕರಣಗಳು ಅಮೆರಿಕದಲ್ಲಿ ಹೆಚ್ಚಿದಾಗ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು 1956ರಲ್ಲಿ ಕಾನೂನು ಬಂತು. ಚಿಲಕದ ಜಾಗಕ್ಕೆ ಅಯಸ್ಕಾಂತದ ಪಟ್ಟಿ ಅಡಗಿಸಿದ ರಬ್ಬರು ಬಂತು. ಮಕ್ಕಳ ಪ್ರಾಣ ಉಳಿಸಿದ ಆ ರಬ್ಬರು ಜಿಡ್ಡು ಹಿಡಿದರೆ, ಬಿರುಕು ಬಿಟ್ಟರೆ ಬಿಸಿಗಾಳಿ ಒಳನುಗ್ಗುತ್ತದೆ. ಬಾಗಿಲ ಸಂದಿಗೆ ಒಂದು ನೋಟು ಸಿಕ್ಕಿಸಿ ಎಳೆದು ನೋಡಿದರೆ ಸಾಕು. ಸಲೀಸಾಗಿ ಜಾರಿ ಬಂದರೆ ಅಲ್ಲಿ ಬಿಗಿಯಿಲ್ಲ.

ಭಾರತದಲ್ಲಿ ಫ್ರಿಜ್ಜು ತಯಾರಾಗತೊಡಗಿದ್ದು 1958ರಲ್ಲಿ, ಗೋದ್ರೆಜ್ ಕಂಪನಿಯಿಂದ. ಇಲ್ಲಿನ ಮನೆಗಳು ಅದಕ್ಕೆ ಬೇರೆ ಪರೀಕ್ಷೆಗಳನ್ನೇ ಒಡ್ಡಿದವು. ಬೇಸಿಗೆಯ ಸಂಜೆ ವೋಲ್ಟೇಜ್ ಇಳಿದರೆ ಕಂಪ್ರೆಸರ್ ಗುಂಯ್ ಎಂದು ಹೊರಡಲು ಹೆಣಗಿ, ಟಕ್ಕೆಂದು ನಿಲ್ಲುತ್ತದೆ. ಫ್ರಿಜ್ಜಿನ ಪಕ್ಕ ಸ್ಟೆಬಿಲೈಜರ್ ಬಂದು ಕೂತದ್ದು ಅದಕ್ಕಾಗಿ. ನಡುಮನೆಯ ಗೋಡೆಗೆ ಒತ್ತಿಟ್ಟ ಫ್ರಿಜ್ಜಿನ ಹಿಂದಿನ ಜಾಲರಿಗೆ ಧೂಳು ಮೆತ್ತಿ, ಒಳಗಿನ ಶಾಖ ಹೊರಹೋಗಲು ದಾರಿಯೇ ಇರುವುದಿಲ್ಲ. ಒಂದೇ ಬಾಗಿಲ ಫ್ರಿಜ್ಜಿನಲ್ಲಂತೂ ಫ್ರೀಜರಿಗೆ ಮಂಜು ಕಟ್ಟುತ್ತದೆ. ಆ ಮಂಜು ದಪ್ಪವಾದಷ್ಟೂ ತಂಪು ಕೆಳಗಿಳಿಯದು. ಗುಂಡಿ ಒತ್ತಿ ಕರಗಲು ಬಿಡುವ ತಾಳ್ಮೆಯಿಲ್ಲದೆ ಚಾಕು ಹಾಕಿ ಕೆರೆದು, ತೆಳ್ಳನೆಯ ಅಲ್ಯೂಮಿನಿಯಂ ತಗಡಿಗೆ ತೂತು ಬಿದ್ದು ಗ್ಯಾಸು ಬುಸ್ಸೆಂದು ಹೋದ ಮನೆಗಳು ಎಷ್ಟೋ. ‘ಗ್ಯಾಸ್ ಹೋಗಿದೆ’ ಎಂಬ ಮಾತು ಅಲ್ಲಿ ಅಕ್ಷರಶಃ ಸತ್ಯ.

ಎರಡು ಬಾಗಿಲ ಫ್ರಾಸ್ಟ್‌ಫ್ರೀ ಫ್ರಿಜ್ಜು ಮಂಜನ್ನು ತಾನೇ ಕರಗಿಸಿಕೊಳ್ಳುತ್ತದೆ. ಅದರ ಪುಟ್ಟ ಹೀಟರ್ ಕೆಟ್ಟರೆ ಹಿಂಬದಿಯ ಹಲಗೆಯ ಮರೆಯಲ್ಲಿ ಮಂಜು ಬೆಳೆದು ಗಾಳಿಯ ದಾರಿ ಮುಚ್ಚುತ್ತದೆ: ಮೇಲೆ ಐಸು ಗಟ್ಟಿ, ಕೆಳಗೆ ತರಕಾರಿ ಬೆಚ್ಚಗೆ. ಇದಕ್ಕೆ ಗ್ಯಾಸು ತುಂಬಿಸಿದರೆ ದುಡ್ಡು ದಂಡ. ಗ್ಯಾಸು ನಿಜವಾಗಿ ಕಡಿಮೆಯಾದಾಗ ಒಂದೇ ಬಾಗಿಲ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ಮೂಲೆಗೆ ಮಾತ್ರ ಮಂಜು ಹಿಡಿಯುತ್ತದೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಹಿಂದಿನ ಜಾಲರಿ ಬಿಸಿಯೇರುವುದಿಲ್ಲ.

ಮುಂದಿನ ಸಲ ಫ್ರಿಜ್ಜು ತಂಪಾಗದಿದ್ದರೆ ಮೊದಲು ರಬ್ಬರು, ಧೂಳು, ಮಂಜು, ವೋಲ್ಟೇಜ್ ನೋಡಿಕೊಳ್ಳಿ. ಅದಾದ ಮೇಲೂ ಗ್ಯಾಸು ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದರೆ, ಎಲ್ಲಿ ಸೋರಿದೆ ಎಂದು ತೋರಿಸಲು ಕೇಳಿ. ಆ ಜಾಗ ಮುಚ್ಚಿದ ಮೇಲೆಯೇ ಗ್ಯಾಸು ತುಂಬಿಸಲು ಒಪ್ಪಿಕೊಳ್ಳಿ.