ಪಾದದೊಳಗಿನ ಎರಡು ದಾಳಗಳು

ಕಾಲಿನ ಹರಡಿನ ಎರಡು ಪಕ್ಕದಲ್ಲೂ ಬೆರಳಿಗೆ ಸಿಗುವ ಉಬ್ಬುಗಳು ಪಾದದ ಮೂಳೆಗಳಲ್ಲ. ಒಳಗಿನದು ಮೊಣಕಾಲಿನಿಂದ ಇಳಿದ ದಪ್ಪ ಮೂಳೆಯ ತುದಿ, ಹೊರಗಿನದು ಅದರ ಮಗ್ಗುಲಿನ ಸಣಕಲು ಮೂಳೆಯ ತುದಿ. ವೈದ್ಯರು ಇವನ್ನು ಮ್ಯಾಲಿಯೋಲಸ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಪುಟ್ಟ ಸುತ್ತಿಗೆ. ಹರಡಿನ ಅಸಲು ಮೂಳೆ ಟೇಲಸ್, ಈ ಎರಡು ಸುತ್ತಿಗೆಗಳ ನಡುವೆ ಅಡಗಿ ಕೂತಿದೆ. ಮೈಭಾರವೆಲ್ಲ ಅದರ ಮೇಲೆ ಇಳಿದರೂ ಒಂದು ಸ್ನಾಯುವೂ ಅದಕ್ಕೆ ಅಂಟಿಕೊಂಡಿಲ್ಲ.

ಟೇಲಸ್ ಎಂಬುದಕ್ಕೆ ರೋಮನ್ನರಲ್ಲಿ ಹರಡು ಎಂಬ ಅರ್ಥವೂ ಇತ್ತು, ದಾಳ ಎಂಬ ಅರ್ಥವೂ ಇತ್ತು. ಗ್ರೀಕರ ಆಸ್ಟ್ರಗಲೋಸ್‌ನದೂ ಅದೇ ಕಥೆ. ಕುರಿ, ಮೇಕೆಗಳ ಹಿಂಗಾಲಿನ ಈ ಮೂಳೆಯನ್ನು ಎಸೆದರೆ ಅದು ನಾಲ್ಕು ಮಗ್ಗುಲಲ್ಲಿ ಯಾವುದಾದರೂ ಒಂದರ ಮೇಲೆ ನಿಲ್ಲುತ್ತದೆ. ಅವುಗಳ ಬೆಲೆ 1, 3, 4, 6. ನಾಲ್ಕು ಮೂಳೆಗಳನ್ನು ಒಟ್ಟಿಗೆ ಎಸೆದಾಗ ನಾಲ್ಕೂ ಬೇರೆ ಬೇರೆ ಬಿದ್ದರೆ ಅದು ‘ವೀನಸ್’, ಎಲ್ಲಕ್ಕಿಂತ ದೊಡ್ಡ ಗೆಲುವು. ಒಂದು ಬಿದ್ದರೆ ‘ನಾಯಿ’. ಚಕ್ರವರ್ತಿ ಅಗಸ್ಟಸನ ಮನೆಯಲ್ಲಿ ನಾಯಿಯೋ ಆರೋ ಬಿದ್ದವನು ಅಂಥ ಪ್ರತಿ ಮೂಳೆಗೂ ಒಂದು ದಿನಾರಿಯಸ್ ನಡುವೆ ಇಡಬೇಕಿತ್ತು, ವೀನಸ್ ಬಿದ್ದವನು ಅಷ್ಟನ್ನೂ ಬಾಚಿಕೊಳ್ಳುತ್ತಿದ್ದ. ಅವನ ಪತ್ರದಲ್ಲಿದ್ದ ಈ ವಿವರವನ್ನು ಚರಿತ್ರೆಕಾರ ಸುಯಟೋನಿಯಸ್ ದಾಖಲಿಸಿದ್ದಾನೆ. ‘ಇಲಿಯಡ್’ನ ಪಟ್ರೋಕ್ಲಸ್ ಹುಡುಗನಾಗಿದ್ದಾಗ ಜೊತೆಗಾರನೊಬ್ಬನನ್ನು ಕೊಂದದ್ದೂ ಈ ಮೂಳೆಯಾಟದ ಜಗಳದಲ್ಲೇ.

ಅದೇ ಪಾದದಲ್ಲಿ ಇನ್ನೊಂದು ದಾಳವೂ ಇದೆ. ಕಿರುಬೆರಳಿನ ಕಡೆಯ ಕ್ಯೂಬಾಯ್ಡ್ ಗ್ರೀಕಿನ ‘ಕ್ಯೂಬೋಸ್’ನಿಂದ ಬಂದದ್ದು, ಕ್ಯೂಬೋಸ್ ಆರು ಮುಖದ ದಾಳ. ಅದರ ಪಕ್ಕದ ಮೂರು ಕ್ಯೂನಿಫಾರ್ಮ್ ಮೂಳೆಗಳು ಬರಿಯ ಬೆಣೆಗಳು.

ಹಿಮ್ಮಡಿಯ ಮೂಳೆ ಕ್ಯಾಲ್ಕೇನಿಯಸ್‌ನ ಬೇರು ಹಿಮ್ಮಡಿ ಎಂದೇ ಅರ್ಥವಿರುವ ಲ್ಯಾಟಿನ್ನಿನ ‘ಕ್ಯಾಲ್ಕ್ಸ್’. ಸುಣ್ಣದ ಕ್ಯಾಲ್ಸಿಯಂಗೂ ಕ್ಯಾಲ್ಕ್ಸ್ ಎಂಬುದೇ ಮೂಲವಾದರೂ ಅದು ಬೇರೆ ಪದ. ಎರಡನ್ನೂ ಬೆಸೆದು, ಸುಣ್ಣದ ಅಂಶ ಹೆಚ್ಚಿರುವುದರಿಂದ ಮೂಳೆಗೆ ಈ ಹೆಸರು ಬಂತೆಂದು ಊಹಿಸುವುದು ತಪ್ಪು. ಟೇಲಸ್‌ನ ಅರ್ಥ ಮಾತ್ರ ಒಂದೆಡೆ ನಿಲ್ಲಲಿಲ್ಲ. ಅದರಿಂದ ಹುಟ್ಟಿದ ಫ್ರೆಂಚಿನ ‘ತಲೋಂ’ ಹಿಮ್ಮಡಿಯಾಯಿತು, ಇಂಗ್ಲಿಷಿನ ‘ಟ್ಯಾಲನ್’ ಹದ್ದಿನ ಉಗುರಾಯಿತು.

ಇವೂ ದೋಣಿಯಾಕಾರದ ನ್ಯಾವಿಕ್ಯುಲರೂ ಸೇರಿದ ಏಳು ಮೂಳೆಗಳ ಗುಂಪಿಗೆ ಟಾರ್ಸಸ್ ಎಂದು ಹೆಸರು. ಹೋಮರನಲ್ಲಿ ಟಾರ್ಸೋಸ್ ಎಂದರೆ ಒಂದೆಡೆ ಗಿಣ್ಣು ಒಣಗಿಸುವ ಹೆಣಿಗೆಯ ತಟ್ಟೆ, ಇನ್ನೊಂದೆಡೆ ಪಾದದ ಚಪ್ಪಟೆ ಭಾಗ.

ಭಾರತದಲ್ಲಿ ಹರಡಿನ ಹೆಸರಿಗೆ ಜೂಜಿನ ನಂಟು ಅಂಟಲಿಲ್ಲ. ವೇದಕಾಲದ ದಾಳ ತಾರೆಕಾಯಿಯದು, ಮೂಳೆಯದಲ್ಲ. ಸುಶ್ರುತ ಸಂಹಿತೆ ಪಾದವೂ ಜಂಘೆಯೂ ಕೂಡುವ ಕಡೆಯನ್ನು ‘ಗುಲ್ಫ’ ಎಂದು ಕರೆದು ಮರ್ಮಸ್ಥಾನಗಳಲ್ಲಿ ಸೇರಿಸುತ್ತದೆ; ಅಲ್ಲಿ ಪೆಟ್ಟು ಬಿದ್ದರೆ ನೋವು, ಪಾದ ಮರಗಟ್ಟುವುದು, ಕುಂಟು. ಕನ್ನಡದ ‘ಹರಡು’ ಹಳೆಯ ‘ಪರಡು’. ತಮಿಳಿನಲ್ಲಿ ಅದು ಇಂದಿಗೂ ಪಕಾರದಲ್ಲೇ ಇದೆ. ಹಿಮ್ಮಡಿಯ ‘ಮಡಿ’ ಬಟ್ಟೆಯ ಮಡಿಯಲ್ಲ, ತೆಲುಗಿನ ‘ಮಡಮ’ದ ಬಳಗದ್ದು.

ಯುರೋಪಿನ ವೈದ್ಯಗ್ರಂಥಗಳಲ್ಲಿ ಆಸ್ಟ್ರಗಲಸ್, ಟೇಲಸ್ ಎರಡೂ ಬಹುಕಾಲ ಜೊತೆಯಲ್ಲೇ ನಡೆದವು. 1895ರಲ್ಲಿ ಅಂಗರಚನಾ ತಜ್ಞರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಒಂದು ಅಂಗಕ್ಕೆ ಒಂದೇ ಹೆಸರು ಎಂದು ಪಟ್ಟಿ ಮಾಡಿದಾಗ ಲ್ಯಾಟಿನ್ನಿನ ಟೇಲಸ್ ಗೆದ್ದಿತು. ಆದರೂ ಆ ಪಟ್ಟಿಯಲ್ಲಿ ಕೈಯಲ್ಲೊಂದು, ಕಾಲಲ್ಲೊಂದು ನ್ಯಾವಿಕ್ಯುಲರ್ ಉಳಿದಿತ್ತು. ಮುಂದೆ ಕೈಯದಕ್ಕೆ ದೋಣಿಯ ಗ್ರೀಕ್ ಹೆಸರಿನಿಂದ ಸ್ಕ್ಯಾಫಾಯ್ಡ್ ಎಂದಾಯಿತು, ಲ್ಯಾಟಿನ್ ದೋಣಿ ಕಾಲಿಗೇ ಉಳಿಯಿತು.