ದ್ರಾಕ್ಷಿ ಇಟ್ಟಿಗೆಯಾದ ಕಥೆ



ಹೋದ ತಿಂಗಳು ದೊಡ್ಡಬಳ್ಳಾಪುರದ ಕಡೆ ಒಂದು ದ್ರಾಕ್ಷಿತೋಟ ನೋಡಲು ಹೋಗಿದ್ದೆ. ತೋಟದ ಯಜಮಾನರಿಗೆ ಎರಡು ಎಕರೆ ಬೆಂಗಳೂರು ನೀಲಿ ದ್ರಾಕ್ಷಿ ಇದೆ. ಈ ಸಲ ಒಳ್ಳೆಯ ಬೆಲೆ ಸಿಕ್ಕಿತೆಂದು ಪಕ್ಕದ ಮೂರು ಎಕರೆ ರಾಗಿ ಹೊಲದಲ್ಲೂ ಗುಂಡಿ ತೋಡಿಸಿದ್ದರು. ಚಪ್ಪರ ನೋಡಿದ್ದಾಯಿತು, ಬೂದಿರೋಗದ ಮಾತೂ ಆಯಿತು. ಆಮೇಲೆ ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಕೆನಡಾದಲ್ಲಿರುವ ಮಗ ರಜಕ್ಕೆ ಬರುವಾಗ ಸಾಮಾನು ತುಂಬಿಕೊಂಡು ಬಂದ ಖಾಲಿ ಪೆಟ್ಟಿಗೆ ಅದು. ಮನೆಯಲ್ಲೇ ವೈನು ಮಾಡಿಕೊಳ್ಳುವ ಸಲಕರಣೆ ಅದರಲ್ಲಿ ಬರುತ್ತದಂತೆ. ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರ.

“ಸ್ವಾಮಿ, ಇದರೊಳಗೆ ಹಣ್ಣೇ ಇರಲ್ವಂತೆ. ಹಣ್ಣಿಲ್ದೆ ವೈನು ಹೆಂಗಾಗುತ್ತೆ? ಅದಿರ್ಲಿ, ಹಣ್ಣು ಬೆಳೆದೋನಿಗೆ ಇದರಲ್ಲಿ ಏನು ಸಿಗುತ್ತೆ?” ಎಂದು ಕೇಳಿದರು.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಪೆಟ್ಟಿಗೆಯಲ್ಲಿ ಹಣ್ಣಿಲ್ಲ, ಆದರೆ ನೀರು ತೆಗೆದು ಗಟ್ಟಿ ಮಾಡಿದ ಹಣ್ಣಿನ ರಸ ಇರುತ್ತದೆ. ನಮ್ಮ ಜೋನಿಬೆಲ್ಲವನ್ನೇ ನೋಡಿ. ಗಡಿಗೆಯಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಅದಕ್ಕೇ ನಾಲ್ಕು ಪಾಲು ನೀರು ಬೆರೆಸಿಟ್ಟರೆ ಕೆಲವೇ ದಿನಗಳಲ್ಲಿ ನೊರೆ ಎದ್ದು ಹುಳಿವಾಸನೆ ಹೊಡೆಯುತ್ತದೆ. ಸಕ್ಕರೆ ತೀರ ಗಟ್ಟಿಯಾಗಿದ್ದಲ್ಲಿ ಅದು ಹುದುಗಿನ ಜೀವಕಣದ ಒಳಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಕಣ ಕೆಲಸ ಮಾಡಲಾರದು. ನೀರು ಸಿಕ್ಕಿದ ಕೂಡಲೇ ಅದು ಎಚ್ಚರಗೊಳ್ಳುತ್ತದೆ. ಮಾಗಿದ ದ್ರಾಕ್ಷಿಯ ರಸದಲ್ಲಿ ನೂರಕ್ಕೆ 20ರಿಂದ 24 ಪಾಲು ಸಕ್ಕರೆ ಇರುತ್ತದೆ. ಗಾಳಿ ತೆಗೆದ ಪಾತ್ರೆಯಲ್ಲಿ ಕಡಿಮೆ ಕಾವಿನಲ್ಲಿ ನೀರು ಆರಿಸಿ ಇದನ್ನು 65ರ ಮೇಲಕ್ಕೆ ಏರಿಸುತ್ತಾರೆ. ಮನೆಯಲ್ಲಿ ಮತ್ತೆ ನೀರು ಸೇರಿಸಿ, ಪೊಟ್ಟಣದಲ್ಲಿ ಬಂದ ಯೀಸ್ಟ್ ಹಾಕಿದರೆ ಸಕ್ಕರೆ ಮದ್ಯಸಾರವಾಗುತ್ತದೆ. ಒಂದು ಪೆಟ್ಟಿಗೆಯಿಂದ ಸಾಧಾರಣವಾಗಿ 23 ಲೀಟರು, ಅಂದರೆ 30 ಬಾಟಲಿ. ಉಳಿದ ಪೊಟ್ಟಣಗಳು ರಸವನ್ನು ತಿಳಿಯಾಗಿಸುವ ಬೆಂಟೊನೈಟ್ ಎಂಬ ಜೇಡಿಮಣ್ಣು, ಕೆಡದಂತೆ ಕಾಯುವ ಗಂಧಕದ ಲವಣ ಮುಂತಾದವು. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದಕಾರಣ ಇದನ್ನು ಪಾಠವೆಂದು ತಿಳಿಯದೆ ಕಥೆಯೆಂದು ಕೇಳಿ.

ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನೂರು ವರ್ಷ ಹಿಂದಕ್ಕೆ, ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. ಇಂಥ ಪೆಟ್ಟಿಗೆಯ ಅಜ್ಜ ಮುತ್ತಜ್ಜ ಹುಟ್ಟಿದ್ದು ಅಲ್ಲಿ. ಅದರ ಹಿಂದೆ ಇದ್ದವರು ದ್ರಾಕ್ಷಿ ಬೆಳೆಗಾರರೇ.

1920ರ ಜನವರಿ 17ರಂದು ಅಮೆರಿಕದಲ್ಲಿ ದೇಶಾದ್ಯಂತ ಪಾನನಿರೋಧ ಜಾರಿಗೆ ಬಂತು. ವೈನಿನ ಕಾರ್ಖಾನೆಗಳು ಮುಚ್ಚಿದರೆ ದ್ರಾಕ್ಷಿ ಯಾರಿಗೆ ಬೇಕು? ಕೆಲವು ಬೆಳೆಗಾರರು ಮೊದಲೇ ಹೆದರಿ ಬಳ್ಳಿ ಕಿತ್ತು ಪ್ಲಮ್, ಅಕ್ರೋಟು ಹಾಕಿದರು. ಪಾಪ, ಅವರು ಅವಸರಪಟ್ಟರು. ವೋಲ್ಸ್ಟೆಡ್ ಕಾಯಿದೆ ಎಂಬ ಆ ಕಾನೂನಿನ 29ನೇ ವಿಧಿಯಲ್ಲಿ ಒಂದು ಸಣ್ಣ ಕಿಂಡಿ ಉಳಿದಿತ್ತು. ಮನೆಯ ಬಳಕೆಗಾಗಿ ಯಾರಾದರೂ ‘ಅಮಲು ಬಾರದ’ ಹಣ್ಣಿನ ರಸ ತಯಾರಿಸಿಕೊಂಡರೆ ಅವರಿಗೆ ಶಿಕ್ಷೆ ಇಲ್ಲ. ತೆರಿಗೆ ನಿಯಮದಂತೆ ಒಂದು ಮನೆಗೆ ವರ್ಷಕ್ಕೆ 200 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 750 ಲೀಟರು. ಅಮಲು ಬರುತ್ತದೋ ಇಲ್ಲವೋ ಎಂದು ಅಳೆಯುವವರು ಯಾರು? ಮೇರಿಲ್ಯಾಂಡಿನ ಕಾಂಗ್ರೆಸ್ ಸದಸ್ಯ ಜಾನ್ ಫಿಲಿಪ್ ಹಿಲ್ ಎಂಬಾತ ತನ್ನ ಮನೆಯಲ್ಲಿ ಬಹಿರಂಗವಾಗಿಯೇ ವೈನು ಮಾಡಿ, ಬೇಕಾದರೆ ಮೊಕದ್ದಮೆ ಹೂಡಿ ಎಂದು ಸರ್ಕಾರಕ್ಕೆ ಸವಾಲು ಹಾಕಿದ. ಹೂಡಿದರು. 1924ರಲ್ಲಿ ಆತ ಖುಲಾಸೆಯಾದ.

ನ್ಯೂಯಾರ್ಕ್, ಚಿಕಾಗೋ ಮುಂತಾದ ಪಟ್ಟಣಗಳಲ್ಲಿ ಇಟಲಿಯಿಂದ ಬಂದು ನೆಲೆಸಿದ ಕೂಲಿಕಾರ ಕುಟುಂಬಗಳು ಬಹಳ. ಊಟದ ಜೊತೆಗೆ ವೈನು ಅವರಿಗೆ ನಮ್ಮ ಮಜ್ಜಿಗೆ ಇದ್ದ ಹಾಗೆ. ಅಂಗಡಿಯಲ್ಲಿ ಸಿಗದಿದ್ದ ಮೇಲೆ ಹಣ್ಣನ್ನೇ ಕೊಂಡು ನೆಲಮಾಳಿಗೆಯಲ್ಲಿ ಹಿಂಡಿ ಇಟ್ಟರು. ಕ್ಯಾಲಿಫೋರ್ನಿಯಾದಿಂದ ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳಲ್ಲಿ ಹಣ್ಣು ದೇಶದ ಈ ತುದಿಯಿಂದ ಆ ತುದಿಗೆ ಹೋಗತೊಡಗಿತು. ಹಿಂದೆ ಟನ್ನಿಗೆ ಹತ್ತು ಇಪ್ಪತ್ತು ಡಾಲರ್ ಸಿಗುತ್ತಿದ್ದ ಹಣ್ಣು ಕೆಲವು ಹಂಗಾಮುಗಳಲ್ಲಿ ನೂರರ ಹತ್ತಿರಕ್ಕೆ ಏರಿತು. ತೋಟಗಳನ್ನು ನಾಶ ಮಾಡುತ್ತದೆ ಎಂದುಕೊಂಡ ಕಾನೂನು ತೋಟಗಳನ್ನು ಹೆಚ್ಚಿಸಿತು ನೋಡಿ. ಏಳೆಂಟು ವರ್ಷಗಳಲ್ಲಿ ಅಲ್ಲಿನ ದ್ರಾಕ್ಷಿ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಯಾವ ತಳಿ ಹಾಕಿದರು ಎಂಬುದು ಮುಖ್ಯ. ಒಳ್ಳೆಯ ವೈನಿನ ತಳಿಗಳ ಸಿಪ್ಪೆ ತೆಳು. ವಾರಗಟ್ಟಲೆ ರೈಲಿನಲ್ಲಿ ಹೋದರೆ ಹಣ್ಣು ಜಜ್ಜಿ ಸೋರುತ್ತದೆ. ಆದ್ದರಿಂದ ಅವುಗಳ ತಲೆ ಕತ್ತರಿಸಿ ಅಲಿಕಾಂಟೆ ಬುಷೆ ಎಂಬ ತಳಿಯನ್ನು ಕಸಿಮಾಡಿದರು. ಫ್ರಾನ್ಸಿನಲ್ಲಿ ಹೆನ್ರಿ ಬುಷೆ 1866ರಲ್ಲಿ ಸಂಕರಣದಿಂದ ಪಡೆದ ತಳಿ ಅದು. ಸಿಪ್ಪೆ ದಪ್ಪ, ತಿರುಳೂ ಕೆಂಪು. ಒಮ್ಮೆ ಹಿಂಡಿದ ಚರಟಕ್ಕೆ ಸಕ್ಕರೆ ನೀರು ಹಾಕಿ ಮತ್ತೊಮ್ಮೆ ಹಿಂಡಿದರೂ ಬಣ್ಣ ಬರುತ್ತದೆ. ರುಚಿ ಮಾತ್ರ ಅಷ್ಟಕ್ಕಷ್ಟೆ. ಪೇಟೆಯವರು ಬಣ್ಣ ಕೇಳಿದರು, ಬೆಳೆಗಾರ ಬಣ್ಣ ಬೆಳೆದ. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಟೊಮೇಟೊ ವಿಷಯದಲ್ಲಿ ನಾವು ಮಾಡಿದ್ದೂ ಅದನ್ನೇ. ವಿಜಯಪುರದವರಿಗೆ ಚೆನ್ನಾಗಿ ಗೊತ್ತಿರುವ ಥಾಮ್ಸನ್ ಸೀಡ್‌ಲೆಸ್ ಸಹ ಆ ಹೆಸರು ಪಡೆದದ್ದು ಅದೇ ಕ್ಯಾಲಿಫೋರ್ನಿಯಾದಲ್ಲಿ, ವಿಲಿಯಂ ಥಾಮ್ಸನ್ ಎಂಬ ಬೆಳೆಗಾರನಿಂದ. ಒಣದ್ರಾಕ್ಷಿಗೆಂದು ಅದನ್ನೂ ಆಗ ಎಕರೆಗಟ್ಟಲೆ ಹಾಕಿದರು.

ದ್ರಾಕ್ಷಿ ಜೋಳದ ಹಾಗಲ್ಲ. ಇಂದಿನ ಬೆಲೆ ನೋಡಿ ಬಳ್ಳಿ ನೆಟ್ಟರೆ ಅಲ್ಲಿ ತುಂಬು ಫಸಲು ಬರಲು ಮೂರು ನಾಲ್ಕು ವರ್ಷ ಬೇಕು. 1921, 22ರಲ್ಲಿ ನೆಟ್ಟ ತೋಟಗಳೆಲ್ಲ ಒಟ್ಟಿಗೆ 1925ರ ಸುಮಾರಿಗೆ ಫಲಕ್ಕೆ ಬಂದವು. ಮೊದಮೊದಲು ರೈಲು ಡಬ್ಬಿಗಳ ಕೊರತೆಯಿಂದ ಪೇಟೆಗೆ ಹೋಗುವ ಹಣ್ಣು ಹಿಡಿತದಲ್ಲಿತ್ತು. ಡಬ್ಬಿಗಳು ಧಾರಾಳವಾದಾಗ ಆ ಹಿಡಿತವೂ ತಪ್ಪಿತು. ಕೊಳ್ಳುವವರಿಲ್ಲದೆ ಹಣ್ಣು ದೂರದ ರೈಲು ಅಂಗಳಗಳಲ್ಲೇ ಕೊಳೆಯಿತು. ಸಾಗಣೆ ಕೂಲಿಯೂ ಹುಟ್ಟಲಿಲ್ಲ. ಸಾಲ ಮಾಡಿ ತೋಟ ಮಾಡಿದವರ ಪಾಡು ಹೇಳತೀರದು.

ಕೊಳೆಯುವ ಹಣ್ಣನ್ನು ಕೊಳೆಯದ ಹಾಗೆ ಮಾಡುವುದು ಹೇಗೆ? ಆಗ ಬಂದದ್ದೇ ಗಟ್ಟಿರಸ. ವಿನೋ ಸಾನೋ ಎಂಬ ಹೆಸರಿನಲ್ಲಿ ದ್ರಾಕ್ಷಿಯನ್ನು ಒತ್ತಿ ಇಟ್ಟಿಗೆ ಮಾಡಿ ಮಾರಿದರು. ಇಂಥ ಇಟ್ಟಿಗೆಯ ಜೊತೆ ಒಂದು ಎಚ್ಚರಿಕೆಯೂ ಇರುತ್ತಿತ್ತೆಂದು ಹೇಳುತ್ತಾರೆ: ಇದನ್ನು ಒಂದು ಗ್ಯಾಲನ್ ನೀರಿನಲ್ಲಿ ಕರಗಿಸಿ 20 ದಿನ ಬೀರುವಿನಲ್ಲಿ ಇಡಬೇಡಿ, ಇಟ್ಟರೆ ವೈನಾಗಿಬಿಡುತ್ತದೆ! ಬೇಡ ಬೇಡ ಎನ್ನುತ್ತಲೇ ವಿಧಾನ ಹೇಳಿಕೊಟ್ಟ ಜಾಣತನ.

ಬೆಳೆಗಾರರು ಸೇರಿ 1929ರಲ್ಲಿ ಫ್ರೂಟ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಕಟ್ಟಿದರು. ಹೆಚ್ಚುವರಿ ಫಸಲಿನ ಸಂಕಟ ಪರಿಹರಿಸಲೆಂದು ಸರ್ಕಾರವೇ ಸ್ಥಾಪಿಸಿದ್ದ ಫೆಡರಲ್ ಫಾರ್ಮ್ ಬೋರ್ಡಿನಿಂದ ಅದಕ್ಕೆ ಸಾಲ ದೊರೆಯಿತು. 1930ರಲ್ಲಿ ಅವರು ವೈನ್-ಗ್ಲೋ ಎಂಬ ಗಟ್ಟಿರಸವನ್ನು ಪೇಟೆಗೆ ತಂದರು. 5 ಮತ್ತು 10 ಗ್ಯಾಲನ್ನಿನ ಪೀಪಾಯಿ. ಸಂಸ್ಥೆಯ ಆಳು ಮನೆಗೇ ಬಂದು ನೀರು ಬೆರೆಸಿ ಇಟ್ಟು ಹೋಗುವನು. 60 ದಿನಗಳ ನಂತರ ಮತ್ತೆ ಬಂದು ಬಾಟಲಿಗೆ ತುಂಬಿ ಕೊಡುವನು. ಪೋರ್ಟ್, ಮಸ್ಕಟೆಲ್, ರೀಸ್ಲಿಂಗ್, ಬರ್ಗಂಡಿ, ಯಾವ ರುಚಿ ಬೇಕೋ ಅದು. ಇನ್ನೊಂದು ತಮಾಷೆ ಕೇಳಿ. ಈ ಸಂಸ್ಥೆಯ ವಕೀಲೆ ಮೇಬಲ್ ವಾಕರ್ ವಿಲ್ಲೆಬ್ರಾಂಟ್. 1921ರಿಂದ 1929ರ ವರೆಗೆ ಸರ್ಕಾರದ ಕಡೆಯಿಂದ ಪಾನನಿರೋಧದ ಮೊಕದ್ದಮೆಗಳನ್ನು ನಡೆಸಿದ್ದವರು ಅವರೇ! ಒಂದು ಕೈಯಲ್ಲಿ ಪಾನನಿರೋಧ, ಇನ್ನೊಂದು ಕೈಯಲ್ಲಿ ಸಾಲ; ಸರ್ಕಾರದ ಈ ಎರಡು ಕೈಗಳ ನಡುವೆ ರೈತ ಸಿಕ್ಕಿಕೊಂಡಿದ್ದ.

ಆಟ ಬಹಳ ದಿನ ನಡೆಯಲಿಲ್ಲ. ಬೇರೊಂದು ದ್ರಾಕ್ಷಿರಸದ ಕಂಪನಿಯ ಮೇಲೆ ಕಾನ್ಸಾಸ್ ಸಿಟಿಯ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆದು, ಹೀಗೆ ಮನೆಗೆ ಹೋಗಿ ಮಾಡಿಕೊಡುವುದು ಕಾನೂನಿಗೆ ವಿರುದ್ಧವೆಂದು 1931ರಲ್ಲಿ ತೀರ್ಪಾಯಿತು. ಅದೇ ನವೆಂಬರಿನಲ್ಲಿ ವೈನ್-ಗ್ಲೋ ನಿಂತುಹೋಯಿತು. ಎರಡು ವರ್ಷಗಳ ಮೇಲೆ, 1933ರ ಡಿಸೆಂಬರ್ 5ರಂದು ಪಾನನಿರೋಧವೇ ರದ್ದಾಯಿತು. ಕಾರ್ಖಾನೆಗಳು ಬಾಗಿಲು ತೆರೆದವು. ಆದರೆ ತೋಟದಲ್ಲಿ ಇದ್ದದ್ದೇನು? ರೈಲಿಗೆ ತಕ್ಕ ದಪ್ಪ ಸಿಪ್ಪೆಯ ಹಣ್ಣು, ಒಣಗಿಸುವ ಹಣ್ಣು. ಒಳ್ಳೆಯ ವೈನಿಗೆ ಬೇಕಾದ ಹಣ್ಣು ಕಡಿಮೆ. ಯಾವ ಹವೆಗೆ ಯಾವ ತಳಿ ಒಗ್ಗುತ್ತದೆ ಎಂದು ಡೇವಿಸ್‌ನ ಕೃಷಿ ಕಾಲೇಜಿನ ಅಮೆರಿನ್ ಮತ್ತು ವಿಂಕ್ಲರ್ ವರ್ಷಗಟ್ಟಲೆ ಹಣ್ಣು ಹಿಂಡಿ ನೋಡಿ, 1944ರಲ್ಲಿ ವರದಿ ಪ್ರಕಟಿಸಿದರು. ಬೆಳೆಗಾರರು ಬಳ್ಳಿ ಬದಲಾಯಿಸಲು ಅದರ ಮೇಲೆ ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಇಷ್ಟನ್ನೂ ಯಜಮಾನರು ಜಗಲಿಯ ಮೇಲೆ ಕೂತು ಕೇಳಿದರು. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ನಮ್ಮ ನೀಲಿ ದ್ರಾಕ್ಷಿ ಸಿಪ್ಪೆನೂ ದಪ್ಪಾನೇ ಅಲ್ವಾ?” ಅಂದರು. ಹೌದು ಅಂದೆ, ರಸಕ್ಕೂ ವೈನಿಗೂ ಅದನ್ನು ಕೊಳ್ಳುವವರು ಇದ್ದಾರೆ, ಆದರೆ ಎಷ್ಟು ಕೊಳ್ಳುತ್ತಾರೆಂದು ಮೊದಲೇ ಕೇಳಿಕೊಳ್ಳಿ ಅಂದೆ. ಅವರು ರಾಗಿ ಹೊಲದ ಗುಂಡಿಗಳ ಕಡೆ ನೋಡಿದರು. ಒಂದು ಎಕರೆಗೆ ಮಾತ್ರ ಈಗ ಗೊಬ್ಬರ ತುಂಬಿಸುವುದು, ಉಳಿದ ಎರಡಕ್ಕೆ ರಸದ ಕಾರ್ಖಾನೆಯವರಿಂದ ಬರವಣಿಗೆಯಲ್ಲಿ ಕರಾರು ಸಿಕ್ಕಿದರೆ ನೋಡುವುದು ಎಂದು ಮಾತಾಯಿತು. ಮಳೆ ಬಿದ್ದ ಮೇಲೆ ಆ ಎರಡು ಎಕರೆಗೆ ರಾಗಿಯನ್ನೇ ಬಿತ್ತಿದ್ದಾರೆಂದು ಮೊನ್ನೆ ತಿಳಿಯಿತು. ಕರಾರಿನ ಕಾಗದ ಇನ್ನೂ ಬಂದಿಲ್ಲ.